ತಾಳೆ ನೋಡದ ಲೆಕ್ಕ

ಕಳೆದ ಮಳೆಗಾಲದ ಒಂದು ಭಾನುವಾರ ಪುಣೆಯ ಕೋಥರೂಡಿನಲ್ಲಿರುವ ಮಿತ್ರರೊಬ್ಬರ ಮನೆಗೆ ಹೋಗಿದ್ದೆ. ಅವರು ವಿಜಯಪುರದ ಕಡೆಯವರು. ಈ ಊರಿಗೆ ಬಂದು ಇಪ್ಪತ್ತು ವರ್ಷಗಳಾದವು. ಏಳನೆಯ ತರಗತಿಯಲ್ಲಿರುವ ಅವರ ಮಗ ವಾರಕ್ಕೆರಡು ಸಂಜೆ ಪ್ರೋಗ್ರಾಮಿಂಗ್ ಕಲಿಯಲು ಹೋಗುತ್ತಾನೆ. ಅಂದು ಅವನು ಮೂರು ವಿಷಯಗಳ ಅಂಕಗಳಿಂದ ಸರಾಸರಿ ತೆಗೆಯುವ ಪುಟ್ಟ ಪ್ರೋಗ್ರಾಮೊಂದನ್ನು ಬರೆದಿದ್ದ. ಅಂಕಗಳು 72, 81 ಮತ್ತು 90. ಗುಂಡಿ ಒತ್ತಿದ, ಪರದೆಯ ಮೇಲೆ ಉತ್ತರ ಬಂತು: 183.

ನೂರು ಅಂಕಗಳ ಪರೀಕ್ಷೆಯಲ್ಲಿ 183 ಸರಾಸರಿ! ಹುಡುಗನ ಮುಖದಲ್ಲಿ ಅಚ್ಚರಿಯ ಒಂದು ಗೆರೆಯೂ ಮೂಡಲಿಲ್ಲ. ‘ಇದು ಸರಿಯೇನಪ್ಪಾ?’ ಎಂದು ಕೇಳಿದೆ. ‘ಹೌದು ಕಾಕಾ, ಎರರ್ ಬಂದಿಲ್ಲ’ ಎಂದ. ಕೆಂಪಕ್ಷರದ ದೂರು ಪರದೆಯ ಮೇಲೆ ಬಾರದಿದ್ದರೆ ಲೆಕ್ಕ ಸರಿ ಎಂದು ಅವನು ಕಲಿತಿದ್ದ. ನನ್ನ ಸಂದೇಹವನ್ನು ಕಂಡು ಅವನ ತಂದೆ ಎದ್ದುಬಂದರು. ಆ ನಾಲ್ಕು ಸಾಲುಗಳನ್ನು ತಮ್ಮ ಮೊಬೈಲಿನಲ್ಲಿದ್ದ ಕೃತಕ ಬುದ್ಧಿಮತ್ತೆಯ ಸಹಾಯಕನಿಗೆ ಒಪ್ಪಿಸಿದರು. ಕ್ಷಣಾರ್ಧದಲ್ಲಿ ತಿದ್ದಿದ ಸಾಲುಗಳು ಬಂದವು. ಮೂರು ಅಂಕಗಳ ಸುತ್ತ ಆವರಣ ಚಿಹ್ನೆ ಬಿದ್ದಿತ್ತು; ಉತ್ತರ 81 ಎಂದಾಯಿತು. ತಂದೆಗೆ ಸಮಾಧಾನವಾಯಿತು, ಮಗನಿಗೂ ಆಯಿತು. ‘ಆ ಆವರಣವನ್ನು ಏಕೆ ಹಾಕಬೇಕಾಯಿತು?’ ಎಂದು ಹುಡುಗನನ್ನು ಕೇಳಿದೆ. ಅವನೆಂದ: ‘ಹಂಗ ಹಾಕಬೇಕಂತ ಕಾಕಾ.’

ಆ ‘ಅಂತ’ ಎಂಬ ಮಾತೇ ಈ ಲೇಖನಕ್ಕೆ ಕಾರಣ. ಗ್ರಾಂಥಿಕದಲ್ಲಿ ‘ಅಂತೆ’ ಎಂದು ಬರೆಯುವ ಈ ಪ್ರತ್ಯಯ ಕನ್ನಡದ ಬಹು ಪ್ರಾಮಾಣಿಕವಾದ ಪ್ರತ್ಯಯಗಳಲ್ಲಿ ಒಂದು. ನಾನು ಕಂಡದ್ದಲ್ಲ, ಕೇಳಿದ್ದು. ಇದಕ್ಕೆ ನಾನು ಹೊಣೆಯಲ್ಲ ಎಂದು ಅದು ಸಾರಿಹೇಳುತ್ತದೆ. ಹನ್ನೆರಡು ವರ್ಷದ ಹುಡುಗ ತಾನೇ ಬರೆದ ನಾಲ್ಕು ಸಾಲಿನ ಲೆಕ್ಕದ ಬಗ್ಗೆ, ಯಾರೋ ದೂರದ ಊರಿನ ಸುದ್ದಿ ಹೇಳಿದಂತೆ ಹೇಳುತ್ತಿದ್ದ. ತಪ್ಪು ತಿದ್ದಿತು, ಆದರೆ ಅದನ್ನು ಯಾರೂ ಹುಡುಕಲಿಲ್ಲ. ತಿದ್ದುವುದಕ್ಕೂ ಹುಡುಕುವುದಕ್ಕೂ ಇರುವ ಅಂತರವನ್ನು ನಾವು, ಹೊರನಾಡಿನ ಕನ್ನಡ ತಂದೆತಾಯಿಗಳು, ಮರೆತಿದ್ದೇವೆ. ಮಕ್ಕಳಿಗೆ ಸರಿಯುತ್ತರವನ್ನು ಹಣ ಕೊಟ್ಟು ತರುತ್ತಿದ್ದೇವೆ. ತಪ್ಪನ್ನು ಹುಡುಕಲು ಬೇಕಾದ ನಾಲಗೆಯನ್ನು ಮಾತ್ರ ಅವರಿಂದ ಕಸಿದುಕೊಂಡಿದ್ದೇವೆ. ಇದು ನನ್ನ ಆರೋಪ. ಇದನ್ನು ಸಾಬೀತುಪಡಿಸುವ ಹೊಣೆಯೂ ನನ್ನದೇ.

ಮೊದಲು ಆ ತಪ್ಪಿನ ಸ್ವರೂಪವನ್ನು ನೋಡೋಣ. ಹುಡುಗ ಬರೆದದ್ದು ‘ಕ + ಖ + ಗ / 3’ ಎಂಬ ಸಾಲು. ಭಾಗಾಕಾರವು ಕೂಡುವುದಕ್ಕಿಂತ ಮೊದಲು ನಡೆಯಬೇಕೆಂಬುದು ಗಣಿತದ ಒಪ್ಪಂದ. ಕಂಪ್ಯೂಟರೂ ಅದನ್ನೇ ಪಾಲಿಸುತ್ತದೆ. ಆದ್ದರಿಂದ ಕೊನೆಯ 90 ಮಾತ್ರ ಮೂರರಿಂದ ಭಾಗವಾಗಿ 30 ಆಯಿತು. 72, 81, 30 ಕೂಡಿ 183 ಆಯಿತು. ಯಂತ್ರದ ದೋಷ ಎಳ್ಳಷ್ಟೂ ಇಲ್ಲ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ. ಈ ನಿಯಮ ಹುಡುಗನಿಗೆ ಗೊತ್ತಿಲ್ಲವೆಂದೂ ಅಲ್ಲ. ಐದನೆಯ ತರಗತಿಯಲ್ಲಿಯೇ ಅವನು ‘ಬೋಡ್ಮಾಸ್’ ಎಂದು ಬಾಯಿಪಾಠ ಮಾಡಿದ್ದಾನೆ, ಪರೀಕ್ಷೆಯಲ್ಲಿ ಅಂಕವನ್ನೂ ಗಳಿಸಿದ್ದಾನೆ. ಆದರೆ ಅದು ಗಣಿತದ ಪುಸ್ತಕದ ಮಾತು, ಇದು ಕೋಡಿಂಗ್ ತರಗತಿಯ ಮಾತು. ಎರಡರ ನಡುವೆ ಅವನ ತಲೆಯಲ್ಲಿ ಗೋಡೆಯೊಂದು ಎದ್ದಿದೆ.

ಆ ಗೋಡೆಯನ್ನು ಅಂದು ದಾಟಿಸಿದವರು ಹುಡುಗನ ಅಜ್ಜಿ. ಎಪ್ಪತ್ತು ದಾಟಿದ ಆಕೆ ಒಳಗೆ ಅವರೆಕಾಳು ಸುಲಿಯುತ್ತ ಕುಳಿತಿದ್ದರು. ನಾನು ಹುಡುಗನಿಗೆ, ‘ಆವರಣ ಇಲ್ಲದ ನಿನ್ನ ಹಳೆಯ ಲೆಕ್ಕವನ್ನು ಅಜ್ಜಿಗೆ ಹೇಳಿ ತೋರಿಸು, ಕನ್ನಡದಲ್ಲಿ’ ಎಂದೆ. ಅವನು ತಡವರಿಸುತ್ತ ಶುರುಮಾಡಿದ. ‘ಮೂರು ವಿಷಯದ ಮಾರ್ಕ್ಸ್ ಅದಾವ ಅಜ್ಜಿ. ಆಮ್ಯಾಲ ಮೂರರಿಂದ ಭಾಗಸೂದು.’ ಅಜ್ಜಿ ತಲೆಯೆತ್ತದೆ ಕೇಳಿದರು: ‘ಯಾವುದನ್ನ ಭಾಗಸೂದಪಾ?’ ಹುಡುಗ ಪರದೆಯನ್ನು ನೋಡಿದ. ‘ಮೂರನ್ನೂ…’ ಎಂದವನು ಅಲ್ಲಿಗೇ ನಿಂತ. ಬೆರಳು ‘ಗ’ ಎಂಬ ಅಕ್ಷರದ ಮೇಲಿತ್ತು. ‘ಇಲ್ಲ, ನಾ ಬರೀ ಇದೊಂದನ್ನ ಭಾಗಸೇನಿ’ ಎಂದ. ತಪ್ಪು ಸಿಕ್ಕಿತು. ಅಜ್ಜಿಗೆ ಪ್ರೋಗ್ರಾಮಿಂಗ್ ಗೊತ್ತಿಲ್ಲ. ಕರ್ಮಪದವಿಲ್ಲದೆ ವಾಕ್ಯ ಪೂರ್ತಿಯಾಗದೆಂಬುದು ಗೊತ್ತು.

ಸಾಫ್ಟ್‌ವೇರ್ ಲೋಕದಲ್ಲಿ ಈ ವಿಧಾನಕ್ಕೆ ಹೆಸರಿದೆ. 1999ರಲ್ಲಿ ಆಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್ ಬರೆದ ‘ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್’ ಎಂಬ ಪುಸ್ತಕ ಅದನ್ನು ಪ್ರಸಿದ್ಧಗೊಳಿಸಿತು. ಮೇಜಿನ ಮೇಲೆ ರಬ್ಬರಿನ ಬಾತುಕೋಳಿಯೊಂದನ್ನು ಇಟ್ಟುಕೊಂಡು ತಪ್ಪಿರುವ ಪ್ರೋಗ್ರಾಮನ್ನು ಸಾಲುಸಾಲಾಗಿ ಅದಕ್ಕೆ ವಿವರಿಸಬೇಕು. ವಿವರಿಸುತ್ತಿರುವಾಗಲೇ ತಪ್ಪು ಹೊಳೆಯುತ್ತದೆ ಎಂಬುದು ಅದರ ತಿರುಳು. ನುರಿತ ಎಂಜಿನಿಯರುಗಳೂ ಇಂದಿಗೂ ಹೀಗೆ ಮಾಡುತ್ತಾರೆ. ನಮ್ಮ ಮನೆಗಳಲ್ಲಿ ಬಾತುಕೋಳಿಗಿಂತ ಮೇಲಾದ ಶ್ರೋತೃಗಳಿದ್ದಾರೆ. ಅವರು ತಿರುಗಿ ಪ್ರಶ್ನೆ ಕೇಳಬಲ್ಲರು. ಆದರೆ ಅವರೊಡನೆ ಮಾತನಾಡುವ ಭಾಷೆ ಮೊಮ್ಮಕ್ಕಳಲ್ಲಿ ಉಳಿದಿಲ್ಲ. ಊಟವಾಯಿತೇ, ನಿದ್ದೆ ಬಂತೇ ಎಂಬಲ್ಲಿಗೆ ಅದು ಮುಗಿಯುತ್ತದೆ.

ಇಲ್ಲಿ ಭಾಷೆಯ ಪಾತ್ರವನ್ನು ನಾನು ಉತ್ಪ್ರೇಕ್ಷಿಸುತ್ತಿದ್ದೇನೆಯೇ? ಹೊಸಬರು ಮಾಡುವ ಅಂಕಗಣಿತದ ತಪ್ಪುಗಳನ್ನೇ ಒಂದೊಂದಾಗಿ ತೆಗೆದುಕೊಂಡು ನೋಡಿ.

ಮೊದಲನೆಯದು, ಈಗ ಕಂಡ ಸರಾಸರಿಯ ತಪ್ಪು. ‘ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸು’ ಎಂದು ಕನ್ನಡದಲ್ಲಿ ಹೇಳಿ ನೋಡಿ. ‘ಕೂಡಿಸಿ’ ಎಂಬ ಕ್ರಿಯಾರೂಪ, ಕೂಡುವ ಕೆಲಸ ಮೊದಲು ಮುಗಿಯಬೇಕು, ಬಂದ ಮೊತ್ತದ ಮೇಲೆಯೇ ಮುಂದಿನ ಕೆಲಸ ನಡೆಯಬೇಕು ಎಂದು ವಿಧಿಸುತ್ತದೆ. ಆವರಣ ಚಿಹ್ನೆ ಮಾಡುವ ಕೆಲಸವನ್ನೇ ಆ ಕ್ರಿಯಾಪದದ ಕೊನೆಯ ಇಕಾರ ಮಾಡುತ್ತಿದೆ. ಚಿಹ್ನೆಗಳನ್ನು ಇಂಗ್ಲಿಷಿನ ಕ್ರಮದಲ್ಲಿ ‘ಕ ಪ್ಲಸ್ ಖ ಪ್ಲಸ್ ಗ ಡಿವೈಡೆಡ್ ಬೈ ತ್ರೀ’ ಎಂದು ಓದಿದರೆ ಯಾವುದು ಮೊದಲೆಂಬುದು ಕಿವಿಗೆ ತಿಳಿಯುವುದಿಲ್ಲ. ಈ ಸೌಕರ್ಯ ಕನ್ನಡಕ್ಕೆ ಮಾತ್ರ ಇರುವ ಮಹಿಮೆಯೆಂದು ನಾನು ಹೇಳುತ್ತಿಲ್ಲ. ನಮ್ಮ ನೆರೆಯ ಮರಾಠಿಗರೂ ‘ಬೇರೀಜ್ ಕರೂನ್’ ಭಾಗಿಸುತ್ತಾರೆ. ಅವರ ‘ಕರೂನ್’ ನಮ್ಮ ‘ಮಾಡಿ’ಯ ಒಡಹುಟ್ಟಿನಂತಿದೆ.

ಎರಡನೆಯದು, ಎರಡು ಸಂಖ್ಯೆಗಳನ್ನು ಕೂಡುವ ಲೆಕ್ಕ. ಪೈಥಾನ್ ಭಾಷೆಯಲ್ಲಿ ಬಳಕೆದಾರ ಕೀಲಿಮಣೆಯಿಂದ ಕೊಟ್ಟದ್ದನ್ನೆಲ್ಲ ಯಂತ್ರ ಮೊದಲು ಅಕ್ಷರಗಳ ಸಾಲೆಂದೇ ಸ್ವೀಕರಿಸುತ್ತದೆ. 250 ಮತ್ತು 40 ಎಂದು ಕೊಟ್ಟು ನಡುವೆ ಕೂಡುವ ಚಿಹ್ನೆ ಹಾಕಿದರೆ 290 ಬಾರದೆ 25040 ಬರುತ್ತದೆ. ಕಲಿಯುವವರೆಲ್ಲರೂ ಒಮ್ಮೆಯಾದರೂ ಬೀಳುವ ಹಳ್ಳ ಇದು. ಒಂದೇ ಚಿಹ್ನೆ ಎರಡು ಕೆಲಸ ಮಾಡುವುದೇ ಇದಕ್ಕೆ ಕಾರಣ. ಕನ್ನಡದಲ್ಲಿ ಆ ಎರಡು ಕೆಲಸಗಳಿಗೆ ಎರಡು ಕ್ರಿಯಾಪದಗಳಿವೆ: ಸಂಖ್ಯೆಗಳನ್ನು ಕೂಡಿಸುತ್ತೇವೆ, ತುಂಡುಗಳನ್ನು ಜೋಡಿಸುತ್ತೇವೆ. ‘ನೀನು ಕೂಡಿಸು ಎಂದುಕೊಂಡೆ, ಯಂತ್ರ ಜೋಡಿಸಿತು’ ಎಂಬ ಒಂದೇ ವಾಕ್ಯ ಸಾಕು. ಸಂಖ್ಯೆಯಾಗಿ ಪರಿವರ್ತಿಸಿ ಕೊಡಬೇಕೆಂಬುದನ್ನು ಮಗು ತಾನೇ ಕಂಡುಕೊಳ್ಳುತ್ತದೆ.

ಮೂರನೆಯದು ಹೆಚ್ಚು ಕುಟಿಲವಾದದ್ದು. ಜ್ವರದ ಫ್ಯಾರನ್‌ಹೀಟ್ ಅಳತೆಯನ್ನು ಸೆಲ್ಸಿಯಸ್ಸಿಗೆ ತಿರುಗಿಸುವ ಸೂತ್ರ ಎಲ್ಲರಿಗೂ ಗೊತ್ತು: 32 ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಬೇಕು. 104 ಡಿಗ್ರಿಯ ಜ್ವರ 40 ಡಿಗ್ರಿ ಸೆಲ್ಸಿಯಸ್ ಆಗುತ್ತದೆ. ಅದನ್ನೇ ಸಿ ಭಾಷೆಯಲ್ಲಿ ‘5 / 9 * (104 - 32)’ ಎಂದು ಬರೆದರೆ ಉತ್ತರ 0. ಜ್ವರದಿಂದ ಕೆಂಡವಾಗಿರುವ ರೋಗಿ ಮಂಜುಗಡ್ಡೆಯಾದ! ಪೂರ್ಣಾಂಕಗಳನ್ನು ಭಾಗಿಸುವಾಗ ಸಿ ಭಾಷೆ ಭಾಗಲಬ್ಧವನ್ನು ಇಟ್ಟುಕೊಂಡು ಶೇಷವನ್ನು ಎಸೆಯುತ್ತದೆ. ಐದನ್ನು ಒಂಬತ್ತರಿಂದ ಭಾಗಿಸಿದರೆ ಭಾಗಲಬ್ಧ ಸೊನ್ನೆ, ಶೇಷ ಐದು. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ. ಭಾಜ್ಯ, ಭಾಜಕ, ಭಾಗಲಬ್ಧ, ಶೇಷ ಎಂಬ ನಾಲ್ಕು ಪದಗಳನ್ನು ನಾವು ಕನ್ನಡ ಶಾಲೆಯ ಪ್ರಾಥಮಿಕ ತರಗತಿಗಳಲ್ಲಿಯೇ ಕಲಿತಿದ್ದೆವು. ಅವುಗಳನ್ನು ಬಲ್ಲವನಿಗೆ ಈ ತಪ್ಪು ಮೂರು ನಿಮಿಷದ ಮಾತು. ಬರಿಯ ‘ಆನ್ಸರ್’ ಎಂಬ ಒಂದೇ ಪದವನ್ನು ಬಲ್ಲವನಿಗೆ ಅದು ಯಂತ್ರದ ಮಾಯೆ.

ಈ ಭಾಗಾಕಾರದ ಗೊಂದಲ ಮಕ್ಕಳದಷ್ಟೇ ಎಂದೂ ತಿಳಿಯಬೇಡಿ. ಪೈಥಾನಿನ ಹಳೆಯ ಆವೃತ್ತಿಗಳಲ್ಲಿಯೂ ಐದನ್ನು ಒಂಬತ್ತರಿಂದ ಭಾಗಿಸಿದರೆ ಸೊನ್ನೆಯೇ ಬರುತ್ತಿತ್ತು. ಅದು ಜನರನ್ನು ದಾರಿತಪ್ಪಿಸುತ್ತದೆಂದು ಆ ಭಾಷೆಯ ನಿರ್ಮಾತೃಗಳು ವರ್ಷಗಟ್ಟಲೆ ಚರ್ಚಿಸಿದರು. 2008ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಆ ಚಿಹ್ನೆಯ ಅರ್ಥವನ್ನೇ ಬದಲಿಸಿ, ಭಾಗಲಬ್ಧ ಮಾತ್ರ ಬೇಕಾದವರು ಎರಡು ಗೆರೆಗಳನ್ನು ಹಾಕಬೇಕೆಂದು ಗೊತ್ತುಪಡಿಸಿದರು. ಒಂದು ಓರೆಗೆರೆ ಏನನ್ನು ಹೇಳಬೇಕೆಂಬುದಕ್ಕೆ ಪಂಡಿತರು ಅಷ್ಟು ತಲೆಕೆಡಿಸಿಕೊಂಡಿದ್ದಾರೆ. ನಮ್ಮ ಮಗು ಆ ಗೆರೆಯನ್ನು ಕಂಡು ‘ಇದು ಏನನ್ನು ಹೇಳುತ್ತದೆ?’ ಎಂದು ಒಮ್ಮೆ ಕೇಳಲೂ ನಾವು ಬಿಡುವು ಕೊಡುತ್ತಿಲ್ಲ.

ಇಂಥ ಸಣ್ಣ ತಪ್ಪಿನಿಂದ ಯಾರ ಮನೆ ಮುಳುಗಿತು ಎನ್ನುವವರಿಗೆ ಎರಡು ಪ್ರಸಂಗಗಳನ್ನು ನೆನಪಿಸುತ್ತೇನೆ. 1982ರ ಜನವರಿಯಲ್ಲಿ ಕೆನಡಾದ ವ್ಯಾಂಕೂವರ್ ಷೇರುಪೇಟೆ ತನ್ನ ಹೊಸ ಸೂಚ್ಯಂಕವನ್ನು 1000ದಿಂದ ಆರಂಭಿಸಿತು. ದಿನಕ್ಕೆ ಸಾವಿರಾರು ಸಲ ಅದನ್ನು ಮರುಲೆಕ್ಕ ಹಾಕುತ್ತಿದ್ದ ಪ್ರೋಗ್ರಾಮು, ಪ್ರತಿಸಲವೂ ಮೂರು ದಶಮಾಂಶ ಸ್ಥಾನಗಳ ಆಚೆಗಿನ ಅಂಕಿಗಳನ್ನು ಹತ್ತಿರದ ಬೆಲೆಗೆ ಸರಿಹೊಂದಿಸುವ ಬದಲು ಸುಮ್ಮನೆ ಕತ್ತರಿಸಿ ಎಸೆಯುತ್ತಿತ್ತು. ಪೇಟೆ ಚೆನ್ನಾಗಿಯೇ ನಡೆಯುತ್ತಿದ್ದರೂ ಸೂಚ್ಯಂಕ ಮಾತ್ರ ಇಳಿಯುತ್ತಲೇ ಹೋಯಿತು. 1983ರ ನವೆಂಬರಿನ ಹೊತ್ತಿಗೆ ಅದು ಇರಬೇಕಾದದ್ದರ ಅರ್ಧದಷ್ಟಕ್ಕೆ ಬಂದು ನಿಂತಿತ್ತು. ಎರಡು ವರ್ಷಕ್ಕೆ ಸಮೀಪವಾದ ಕಾಲ ಆ ತಪ್ಪು ಎಲ್ಲರ ಕಣ್ಣೆದುರಿಗೇ ಇತ್ತು. ಏಕೆಂದರೆ ‘ಎರರ್ ಬಂದಿರಲಿಲ್ಲ’.

ಎರಡನೆಯದು ಹಣದ ಮಾತಲ್ಲ. 1991ರ ಫೆಬ್ರವರಿ 25ರಂದು, ಕೊಲ್ಲಿ ಯುದ್ಧದಲ್ಲಿ, ಸೌದಿ ಅರೇಬಿಯಾದ ಧಹ್ರಾನಿನಲ್ಲಿ ಪೇಟ್ರಿಯಾಟ್ ಕ್ಷಿಪಣಿ ವ್ಯವಸ್ಥೆ ಎದುರಿಂದ ಬಂದ ಸ್ಕಡ್ ಕ್ಷಿಪಣಿಯನ್ನು ತಡೆಯಲು ವಿಫಲವಾಯಿತು. 28 ಅಮೆರಿಕನ್ ಸೈನಿಕರು ಸತ್ತರು. ಆ ವ್ಯವಸ್ಥೆ ಕಾಲವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿತ್ತು. ನಮ್ಮ ದಶಮಾನದಲ್ಲಿ 0.1 ಎಂದು ಸುಲಭವಾಗಿ ಬರೆಯುವ ಆ ಭಿನ್ನರಾಶಿ, ಯಂತ್ರದ ದ್ವಿಮಾನ ಪದ್ಧತಿಯಲ್ಲಿ ಎಂದೂ ಮುಗಿಯದ ಸಂಖ್ಯೆ. ಅದನ್ನು 24 ಬಿಟ್‌ಗಳಿಗೆ ಕತ್ತರಿಸಿ ಇಟ್ಟಿದ್ದರು. ನೂರು ಗಂಟೆಗಳ ಕಾಲ ನಿಲ್ಲದೆ ನಡೆದ ಯಂತ್ರದಲ್ಲಿ ಆ ಕತ್ತರಿಸಿದ ಚೂರುಗಳು ಸೇರಿ ಸುಮಾರು 0.34 ಸೆಕೆಂಡಿನ ವ್ಯತ್ಯಾಸವಾಯಿತು. ಅಷ್ಟು ಹೊತ್ತಿನಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ.

ನಮ್ಮೂರಿನ ಮಾತನ್ನೇ ಆಡೋಣ. 1981ರಲ್ಲಿ ಪುಣೆಯಲ್ಲಿ ಆರಂಭವಾದ ಟಾಟಾ ಸಂಶೋಧನಾ ಅಭಿವೃದ್ಧಿ ಮತ್ತು ವಿನ್ಯಾಸ ಕೇಂದ್ರದ ಸಂಶೋಧಕರು, ಪ್ರೋಗ್ರಾಮನ್ನು ನಡೆಸದೆಯೇ ಓದಿ ಅದರೊಳಗಿನ ತಪ್ಪನ್ನು ಪತ್ತೆಹಚ್ಚುವ ಸಾಧನಗಳ ಮೇಲೆ ಬಹುಕಾಲ ದುಡಿದಿದ್ದಾರೆ. ಅವರು ಬೇಟೆಯಾಡಿದ ತಪ್ಪುಗಳು ಯಾವುವು? ಸೊನ್ನೆಯಿಂದ ಭಾಗಿಸುವುದು, ಪಾತ್ರೆಗೆ ಹಿಡಿಸದಷ್ಟು ದೊಡ್ಡ ಸಂಖ್ಯೆಯನ್ನು ತುಂಬುವುದು, ಹತ್ತು ಮನೆಗಳಿರುವ ಸಾಲಿನಲ್ಲಿ ಹನ್ನೊಂದನೆಯದರ ಬಾಗಿಲು ಬಡಿಯುವುದು. ಮೋಟಾರು ವಾಹನಗಳೊಳಗೆ ಅಡಗಿ ಕುಳಿತಿರುವ ಪ್ರೋಗ್ರಾಮುಗಳಲ್ಲಿಯೂ ಇರುವವು ಇಂಥ ತಪ್ಪುಗಳೇ. ಹಿಂಜವಡಿಯ ಗಾಜಿನ ಕಟ್ಟಡಗಳಲ್ಲಿ ದುಡಿಯುವ ನಮ್ಮ ಕನ್ನಡಿಗರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಕಚೇರಿಯಲ್ಲಿ ಒಂದು ತಪ್ಪಿನ ಮೂಲ ಕಾರಣವನ್ನು ಬರೆದುಕೊಡದೆ ಅದನ್ನು ‘ಮುಗಿಯಿತು’ ಎಂದು ಗುರುತಿಸಲು ಅವರ ಮೇಲಧಿಕಾರಿ ಬಿಡುವುದಿಲ್ಲ. ಮನೆಗೆ ಬಂದು ಮಗನ ತಪ್ಪನ್ನು ಮಾತ್ರ ಕಾರಣ ಕೇಳದೆ ಮುಗಿಸಿಬಿಡುತ್ತಾರೆ.

ಈಗ ಎದುರುವಾದಗಳಿಗೆ ಬರುತ್ತೇನೆ. ಮೊದಲನೆಯದು ಇಂದು ಎಲ್ಲರ ಬಾಯಲ್ಲಿರುವ ಮಾತು: ‘ಇನ್ನು ಮುಂದೆ ಯಂತ್ರವೇ ಬರೆಯುತ್ತದೆ, ಯಂತ್ರವೇ ತಿದ್ದುತ್ತದೆ; ಮಗು ಏಕೆ ತಲೆ ಚಚ್ಚಿಕೊಳ್ಳಬೇಕು?’ ಯಂತ್ರ ತಿದ್ದುತ್ತದೆ, ನಿಜ. ಅದರ ನೆರವನ್ನು ಪಡೆಯುವುದು ಪಾಪವೆಂದು ನಾನು ಹೇಳುವುದಿಲ್ಲ. ಆದರೆ ತಿದ್ದು ಎಂದು ಅದಕ್ಕೆ ಹೇಳಬೇಕಾದರೆ ತಪ್ಪಾಗಿದೆಯೆಂದು ಯಾರಿಗಾದರೂ ಅನ್ನಿಸಬೇಕಲ್ಲವೇ? 183ನ್ನು ಕಂಡು ಆ ಹುಡುಗನಿಗೆ ಏನೂ ಅನ್ನಿಸಿರಲಿಲ್ಲ. ಸರಾಸರಿಯು ಅತಿ ದೊಡ್ಡ ಅಂಕವನ್ನು ಮೀರಲಾರದು, ಅತಿ ಚಿಕ್ಕದಕ್ಕಿಂತ ಕೆಳಗಿಳಿಯಲಾರದು ಎಂಬ ಅರಿವು ಯಂತ್ರದ ಹೊರಗೆ, ಮನುಷ್ಯನ ತಲೆಯಲ್ಲಿ ಇರಬೇಕು. ಹಿಂದೆ ನಮ್ಮ ಕಿರಾಣಿ ಅಂಗಡಿಗಳಲ್ಲಿ ರಾತ್ರಿ ಬಾಗಿಲು ಹಾಕುವ ಮುನ್ನ ಲೆಕ್ಕ ತಾಳೆ ನೋಡುತ್ತಿದ್ದರು; ಗಲ್ಲೆಯ ಹಣಕ್ಕೂ ಖಾತೆಯ ಮೊತ್ತಕ್ಕೂ ಎಂಟಾಣೆಯ ವ್ಯತ್ಯಾಸ ಬಂದರೂ ಅದು ಎಲ್ಲಿ ಹೋಯಿತೆಂದು ತಿಳಿಯುವವರೆಗೆ ದೀಪ ಆರುತ್ತಿರಲಿಲ್ಲ. ಎಂಟಾಣೆಯ ಆಸೆಗಾಗಿ ಅವರು ಹಾಗೆ ಕೂಡುತ್ತಿರಲಿಲ್ಲ. ಇಂದಿನ ಎಂಟಾಣೆಯನ್ನು ಕಳೆಯುವ ತಪ್ಪೇ ನಾಳೆ ಎಂಟುನೂರನ್ನು ಕಳೆಯಬಹುದೆಂದು ಅವರಿಗೆ ತಿಳಿದಿತ್ತು.

ಎರಡನೆಯ ವಾದ: ‘ಪ್ರೋಗ್ರಾಮಿಂಗ್ ಭಾಷೆಗಳೆಲ್ಲ ಇಂಗ್ಲಿಷಿನಲ್ಲಿಯೇ ಇರುವಾಗ ಕನ್ನಡದ ಮಾತೇಕೆ?’ ಪೈಥಾನಿನಲ್ಲಿ ಮೀಸಲು ಪದಗಳಿರುವುದು ಮೂವತ್ತೈದರ ಆಸುಪಾಸು. ಅವುಗಳನ್ನು ಒಂದು ವಾರದಲ್ಲಿ ಕಲಿಯಬಹುದು. ಜಪಾನಿನ ಮಗುವೂ ಜರ್ಮನಿಯ ಮಗುವೂ ಹಾಗೆಯೇ ಕಲಿಯುತ್ತವೆ, ಮತ್ತು ತಮ್ಮ ತಪ್ಪನ್ನು ತಮ್ಮ ಭಾಷೆಯಲ್ಲಿ ಚರ್ಚಿಸುತ್ತವೆ. ಪದ ಇಂಗ್ಲಿಷಿನದಾದರೇನು, ಅದರ ಹಿಂದಿನ ಆಲೋಚನೆಗೆ ಮಗು ಹಗಲಿರುಳು ಉಸಿರಾಡುವ ಭಾಷೆ ಬೇಕು. ‘ಇಫ್’ ಎಂಬುದನ್ನು ಬಲ್ಲ ಮಗುವಿಗೆ ‘ಹೀಗಾದರೆ ಏನಾಗುತ್ತದೆ, ಹಾಗಾಗದಿದ್ದರೆ ಏನಾಗುತ್ತದೆ’ ಎಂದು ಯಾವುದಾದರೂ ಒಂದು ಭಾಷೆಯಲ್ಲಿ ವಾದಿಸಲು ಬರಬೇಕು.

ಮೂರನೆಯದು, ನಮ್ಮೊಳಗಿನ ಕೀಳರಿಮೆ ಆಡಿಸುವ ಮಾತು: ‘ಲೆಕ್ಕಕ್ಕೂ ಕನ್ನಡಕ್ಕೂ ಏನು ಸಂಬಂಧ?’ ಹೀಗೆ ಕೇಳುವವರು ನಮ್ಮ ಚರಿತ್ರೆಯನ್ನು ಅರಿಯರು. ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದ. ಅದಕ್ಕೂ ಮೊದಲು, ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ. ಇಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿಯಿದೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದು ಮಹಾವೀರಾಚಾರ್ಯ ಹೇಳಿದ್ದಾನೆ. ಇದು ತಪ್ಪು. ಮುನ್ನೂರು ವರ್ಷಗಳ ಬಳಿಕ ಬಂದ ಭಾಸ್ಕರಾಚಾರ್ಯ ಅದನ್ನು ‘ಖಹರ’ವೆಂದು ಕರೆದು ಅನಂತವೆಂದು ಭಾವಿಸಿದ. ಇಂದಿನ ಗಣಿತ ಅದಕ್ಕೆ ಅರ್ಥವೇ ಇಲ್ಲವೆನ್ನುತ್ತದೆ. ಪೈಥಾನ್ ಆ ಸಾಲಿಗೆ ಬಂದೊಡನೆ ಕೆಲಸ ನಿಲ್ಲಿಸಿ ದೂರು ಕೊಡುತ್ತದೆ.

ಈ ಭಾಸ್ಕರಾಚಾರ್ಯ ತನ್ನ ಊರನ್ನು ‘ವಿಜ್ಜಡವಿಡ’ ಎಂದು ಹೇಳಿಕೊಂಡಿದ್ದಾನೆ. ಅದು ಕರ್ನಾಟಕದಲ್ಲಿದೆಯೋ ಮಹಾರಾಷ್ಟ್ರದಲ್ಲಿದೆಯೋ ಎಂದು ಎರಡೂ ಕಡೆಯವರು ಇಂದಿಗೂ ಜಗಳವಾಡುತ್ತೇವೆ. ಅವನು ಯಾರವನು ಎಂಬುದಕ್ಕೆ ತೋರುವ ಆಸಕ್ತಿಯ ಕಾಲುಭಾಗವನ್ನು ಅವನು ಹಿಂದಿನವರ ಲೆಕ್ಕವನ್ನು ಹೇಗೆ ಪರೀಕ್ಷಿಸಿದ ಎಂಬುದಕ್ಕೆ ತೋರಿದ್ದರೆ ನಮ್ಮ ಮಕ್ಕಳು ಬದುಕಿಕೊಳ್ಳುತ್ತಿದ್ದರು. ಮಹಾವೀರನಂಥ ಪಂಡಿತನೂ ಒಂದು ಸರಳ ಭಾಗಾಕಾರದಲ್ಲಿ ಎಡವಿದ. ನಿಯಮವನ್ನು ಸ್ಪಷ್ಟವಾಗಿ ಬರೆದಿಟ್ಟದ್ದರಿಂದಲೇ ಮುಂದಿನವರು ಆ ತಪ್ಪನ್ನು ಕಾಣಲು ಸಾಧ್ಯವಾಯಿತು. ‘ಹಾಗೆ ಹಾಕಬೇಕಂತೆ’ ಎಂಬುದನ್ನು ಯಾವ ಭಾಸ್ಕರನೂ ತಿದ್ದಲಾರ.

ನಾಲ್ಕನೆಯ ವಾದವೊಂದಿದೆ, ಅದನ್ನು ನಾನು ಗೌರವಿಸುತ್ತೇನೆ. ‘ಪುಣೆಯಲ್ಲಿ ಹುಟ್ಟಿದ ಮಗುವಿಗೆ ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಟೀವಿಯಲ್ಲಿ ಹಿಂದಿ. ಅದರ ಮೇಲೆ ಕನ್ನಡದ ಹೊರೆಯೇ?’ ಎಂದು ತಾಯಂದಿರು ಕೇಳುತ್ತಾರೆ. ಮಗು ಮರಾಠಿಯಲ್ಲಿಯೇ ಸೊಗಸಾಗಿ ವಾದಿಸಬಲ್ಲುದಾದರೆ ಮರಾಠಿಯಲ್ಲಿಯೇ ತಪ್ಪು ಹುಡುಕಲಿ, ನನ್ನ ತಕರಾರಿಲ್ಲ. ಮನೆಯವರೆಲ್ಲ ಇಂಗ್ಲಿಷಿನಲ್ಲಿ ಗಂಭೀರವಾಗಿ ಚರ್ಚಿಸುವ ಕುಟುಂಬವಿದ್ದರೆ ಅಲ್ಲಿಯ ಮಗುವಿಗೆ ಇಂಗ್ಲಿಷೇ ಸಾಕು. ನನ್ನ ಜಗಳವಿರುವುದು ಅರೆಭಾಷೆಗಳೊಡನೆ. ನಮ್ಮ ಬಹುಪಾಲು ಮನೆಗಳಲ್ಲಿ ಮಗುವಿಗೆ ನಾಲ್ಕು ಭಾಷೆಗಳ ಕಾಲುಕಾಲು ಭಾಗ ದಕ್ಕಿದೆ. ಆದರೆ ಆ ನಾಲ್ಕು ಕಾಲುಗಳು ಕೂಡಿ ಒಂದಾಗಿಲ್ಲ. ‘ಏಕೆಂದರೆ’, ‘ಹಾಗಿದ್ದರೂ’, ‘ಅದರ ಬದಲು’, ‘ಆದ ಮೇಲೆ’ ಎಂಬ ಕೀಲುಪದಗಳು ಯಾವ ಭಾಷೆಯಲ್ಲಿಯೂ ಅದಕ್ಕೆ ಪಳಗಿಲ್ಲ. ವಸ್ತುಗಳ ಹೆಸರುಗಳು ಎಲ್ಲ ಭಾಷೆಗಳಲ್ಲಿಯೂ ಸಿಗುತ್ತವೆ. ಕೀಲುಪದಗಳು ಮನೆಯ ಜಗಳ, ಕತೆ, ಹರಟೆಗಳಲ್ಲಿ ಮಾತ್ರ ಸಿಗುತ್ತವೆ. ಮನೆಯಲ್ಲಿ ಅಂಥ ಮಾತು ನಡೆಯುವುದು ಕನ್ನಡದಲ್ಲಿ ಎಂದಾದರೆ, ಅದರಿಂದ ಮಗುವನ್ನು ದೂರವಿಡುವುದು ಹೊರೆಯನ್ನು ಇಳಿಸಿದಂತಲ್ಲ, ಊರುಗೋಲನ್ನು ಮುರಿದಂತೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಎರಡು ಮಾತುಗಳಿವೆ. ಮಾಧ್ಯಮಿಕ ಹಂತದಲ್ಲಿ, ಅಂದರೆ ಆರರಿಂದ ಎಂಟನೆಯ ತರಗತಿಗಳಲ್ಲಿ, ಕೋಡಿಂಗ್ ಚಟುವಟಿಕೆಗಳನ್ನು ತರಬೇಕೆಂಬುದು ಒಂದು. ಸಾಧ್ಯವಿರುವೆಡೆಯಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಬೇಕೆಂಬುದು ಇನ್ನೊಂದು. ಮೊದಲನೆಯ ಮಾತನ್ನು ಹಿಡಿದು ನಮ್ಮ ಅಪಾರ್ಟ್‌ಮೆಂಟುಗಳ ಬಾಗಿಲಲ್ಲಿ ಜಾಹೀರಾತುಗಳು ಸಾಲುಗಟ್ಟಿದವು. ಎರಡನೆಯ ಮಾತು ಯಾರ ಕಿವಿಗೂ ಬೀಳಲಿಲ್ಲ. ಒಂದೇ ದಸ್ತಾವೇಜಿನ ಈ ಎರಡು ಮಾತುಗಳು ಪರಸ್ಪರ ನಂಟುಳ್ಳವು. ಕಾರಣ ಹೇಳಲು ಮನೆಮಾತಿನಲ್ಲಿ ಕಲಿತ ಮಗುವೇ ಆರನೆಯ ತರಗತಿಯಲ್ಲಿ ಯಂತ್ರಕ್ಕೆ ಕಾರಣ ಹೇಳಬಲ್ಲುದು. ನಾವು ಅಡಿಪಾಯವನ್ನು ಬಿಟ್ಟು ಮಹಡಿಯನ್ನು ಮಾತ್ರ ಕೊಂಡುತಂದೆವು.

ಬರಿಯ ದೂರಿನಿಂದ ಪ್ರಯೋಜನವಿಲ್ಲ. ಆದ್ದರಿಂದ ಒಂದು ಸಲಹೆಯನ್ನೂ ಇಡುತ್ತೇನೆ. ಹೊರನಾಡಿನ ನಮ್ಮ ಕನ್ನಡ ಸಂಘಗಳಿಗೆ ಸಭಾಂಗಣಗಳಿವೆ, ನಿವೃತ್ತ ಶಿಕ್ಷಕರಿದ್ದಾರೆ, ಬ್ಯಾಂಕಿನಲ್ಲಿ ಜೀವಮಾನವೆಲ್ಲ ಲೆಕ್ಕ ತಾಳೆ ನೋಡಿದ ಹಿರಿಯರಿದ್ದಾರೆ. ರಾಜ್ಯೋತ್ಸವದ ದಿನ ಮಕ್ಕಳ ಕೈಗೆ ಕೆಂಪು ಹಳದಿ ಬಾವುಟ ಕೊಟ್ಟು ನಾಡಗೀತೆ ಹಾಡಿಸಿದರೆ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿದಿದ್ದೇವೆ. ತಿಂಗಳಿಗೆ ಎರಡು ಭಾನುವಾರ, ಒಂದೊಂದು ಗಂಟೆ, ಮಕ್ಕಳು ತಮ್ಮ ತಪ್ಪಾದ ಪ್ರೋಗ್ರಾಮುಗಳನ್ನು ಹೊತ್ತು ಬರಲಿ. ಅಲ್ಲಿ ಮೂರೇ ಕಟ್ಟಳೆಗಳು ಸಾಕು. ಗುಂಡಿ ಒತ್ತುವ ಮುನ್ನ ಉತ್ತರ ಎಷ್ಟರ ಆಸುಪಾಸು ಇರಬೇಕೆಂದು ಕಾಗದದ ಮೇಲೆ ಬರೆಯಬೇಕು. ತಪ್ಪು ಬಂದರೆ ಒಬ್ಬ ಹಿರಿಯರ ಮುಂದೆ ಕುಳಿತು ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಬೇಕು, ಹಿರಿಯರು ‘ಯಾವುದನ್ನು?’, ‘ಯಾವಾಗ?’, ‘ಏಕೆ?’ ಎಂದು ಕೇಳಬೇಕೇ ಹೊರತು ಉತ್ತರ ಹೇಳಬಾರದು. ತಪ್ಪು ಸಿಕ್ಕಿದ ಮೇಲೆ ಅದರ ಕಾರಣವನ್ನು ಒಂದು ಪುಸ್ತಕದಲ್ಲಿ, ತನ್ನದೇ ವಾಕ್ಯದಲ್ಲಿ, ಬರೆದಿಡಬೇಕು.

ಅಭ್ಯಾಸಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ನಮ್ಮ ಬೇಂದ್ರೆ ಓದಿದರು. ಮುಂದೆ ಸಂಖ್ಯೆಗಳ ಗುಂಗನ್ನು ಜೀವಮಾನವೆಲ್ಲ ಹಚ್ಚಿಕೊಂಡರು. ಅದೇ ಕಾಲೇಜಿನಲ್ಲಿ ಅವರ ತರುವಾಯ ಓದಿದ ಡಿ. ಆರ್. ಕಾಪ್ರೇಕರರು ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾಮಾಸ್ತರರಾಗಿದ್ದುಕೊಂಡೇ 6174 ಎಂಬ ವಿಚಿತ್ರ ಸಂಖ್ಯೆಯನ್ನು ಜಗತ್ತಿಗೆ ತೋರಿಸಿದರು. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದೇ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಳ್ಳಿ. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದ ಸಂಖ್ಯೆಯನ್ನು ಕಳೆಯಿರಿ. ಬಂದದ್ದಕ್ಕೆ ಮತ್ತೆ ಹಾಗೆಯೇ ಮಾಡಿ. ಹೆಚ್ಚೆಂದರೆ ಏಳು ಸಲದಲ್ಲಿ 6174ಕ್ಕೆ ಬಂದು ನಿಲ್ಲುತ್ತೀರಿ.

ಕೋಥರೂಡಿನ ಹುಡುಗನಿಗೆ ಅಂದು ಸಂಜೆ ಇದನ್ನೇ ಕೊಟ್ಟು ಬಂದಿದ್ದೆ. ಮುಂದಿನ ವಾರ ಹೋದಾಗ ಅವನು ಕಾದು ಕುಳಿತಿದ್ದ. ಅನೇಕ ಸಂಖ್ಯೆಗಳಿಗೆ ಅವನ ಪ್ರೋಗ್ರಾಮು 6174ನ್ನು ತಲುಪಿತ್ತು. 2111ಕ್ಕೆ ಮಾತ್ರ 0 ಎಂದಿತ್ತು. ಈ ಸಲ ‘ಎರರ್ ಬಂದಿಲ್ಲ’ ಎಂದು ಅವನು ಸುಮ್ಮನಾಗಿರಲಿಲ್ಲ. 6174 ಬಾರದಿದ್ದರೆ ತಪ್ಪೆಂದು ಅವನಿಗೆ ಮೊದಲೇ ಗೊತ್ತಿತ್ತು. ತಂದೆ ಮೊಬೈಲು ತೆಗೆದರೆ ಬೇಡವೆಂದು ತಡೆದು, ಅಜ್ಜಿಯ ಪಕ್ಕದಲ್ಲಿ ಕಾಗದ ಹಿಡಿದು ಕುಳಿತನಂತೆ. 2111ರಿಂದ 1112 ಕಳೆದರೆ 999. ಅದನ್ನು ತಿರುಗಿಸಿ ಮುರುಗಿಸಿ ಬರೆದರೂ 999, ಕಳೆದರೆ ಸೊನ್ನೆ. ‘ನಾಕಂಕಿ ಅಂದಿದ್ದೆಲ್ಲ, ಇಲ್ಲಿ ಮೂರಽ ಅದಾವಲ್ಲಪಾ’ ಎಂದರಂತೆ ಅಜ್ಜಿ.

ಆಮೇಲಿನದನ್ನು ಹುಡುಗನೇ ನನಗೆ ವಿವರಿಸಿದ. ‘ಮುಂದಿನ ಸೊನ್ನಿ ಬಿದ್ದು ಹೋಗಿತ್ತು ಕಾಕಾ. ಅದನ್ನ ಇಟಗೊಂಡ್ರ 9990ರಾಗ 0999 ಕಳೀಬೇಕು, 8991 ಬರತದ. ಆಮ್ಯಾಲ 8082, ಆಮ್ಯಾಲ 8532, ಆಮ್ಯಾಲ 6174. ಸೊನ್ನಿಗೆ ಬೆಲಿ ಇಲ್ಲಂತ ಕಂಪ್ಯೂಟರ್ ಅದನ್ನ ಬಿಟ್ಟಿತ್ತು, ಅದಕ್ಕ ಹಂಗಾತು.’ ಅವನ ಕನ್ನಡದಲ್ಲಿ ಮರಾಠಿಯ ಛಾಯೆಯಿತ್ತು, ಒಂದೆರಡು ಕಡೆ ಪದ ಸಿಗದೆ ಕೈಸನ್ನೆ ಮಾಡಿದ. ಆದರೆ ಈ ಸಲ ಅವನು ಹೇಳಿದ್ದು ಯಾರಿಂದಲೋ ಕೇಳಿದ್ದಲ್ಲ. ವಾಕ್ಯದ ಕೊನೆಯಲ್ಲಿ ‘ಅದಕ್ಕ’ ಎಂಬ ಪದವಿತ್ತು. ಸಂಘಗಳ ಪದಾಧಿಕಾರಿಗಳು ಮುಂದಿನ ವರ್ಷದ ಕಾರ್ಯಕ್ರಮಗಳ ಪಟ್ಟಿಯನ್ನು ಬರೆಯುವ ಮುನ್ನ, ತಮ್ಮ ಮನೆಯ ಮಗುವೊಂದನ್ನು ಕೂಡಿಸಿಕೊಂಡು 2111ರ ಲೆಕ್ಕವನ್ನು ಕನ್ನಡದಲ್ಲಿ ಹೇಳಿಸಿ ನೋಡಲಿ ಎಂದು ಕೇಳಿಕೊಳ್ಳುತ್ತೇನೆ.